ಜ್ವರ ಶುರುವಾದ ದಿನ

ಕಾಪು
12 ನವೆಂಬರ್ 2024

ಉಮೈರಾ ಮೇಡಂ ಅವರಿಗೆ,

ಕಾಗದವನ್ನು ‘ನಾನು ಕ್ಷೇಮ’ ಎಂದು ಶುರು ಮಾಡಬೇಕೆಂದು ಏಳನೆಯ ತರಗತಿಯಲ್ಲಿ ಕಲಿಸಿದ್ದರು. ಈಗ ಹಾಗೆ ಬರೆದರೆ ಸುಳ್ಳಾಗುತ್ತದೆ. ಅದಕ್ಕೆ ಬಿಟ್ಟಿದ್ದೇನೆ.

ನೀವು ಹೋಗುವಾಗ ಸ್ಟಾಂಪು ಹಚ್ಚಿದ ಲಕೋಟೆಗಳನ್ನು ಕೊಟ್ಟು, “ಏನಾದರೂ ನೆನಪಾದರೆ ಬರೆಯಿರಿ ಸರಸಕ್ಕ” ಎಂದಿರಿ. ಫೋನ್ ಮಾಡಬಹುದಿತ್ತು. ಆದರೆ ನನ್ನ ಗಂಡ ತೀರಿಹೋದ ಮೇಲೆ, ಫೋನಿನಲ್ಲಿ ಯಾರಾದರೂ “ಹೇಗಿದ್ದೀರಿ” ಎಂದರೆ ಸಾಕು, ಮಾತು ಮುಗಿಸದೆ ಫೋನ್ ಇಟ್ಟುಬಿಡುತ್ತೇನೆ. ಬರೆಯುವಾಗ ಹಾಗಾಗುವುದಿಲ್ಲ. ಸೊಸೈಟಿಯವರು ಹೊಸ ವರ್ಷಕ್ಕೆ ಕೊಡುವ ಡೈರಿಯಲ್ಲಿ ದಿನಕ್ಕೆ ಎರಡು ಸಾಲು ಬರೆಯುವುದು ನನ್ನ ಹಳೆಯ ಅಭ್ಯಾಸ.

ಜುಲೈಯಿಂದ ಈಚೆಗೆ ನಮ್ಮ ಮನೆಗೆ ಬಹಳ ಜನ ಬಂದರು. ಎಲ್ಲರೂ ಸಮಾಧಾನ ಹೇಳಿ ಹೋದರು. ಪ್ರಶ್ನೆ ಕೇಳಿದವರು ನೀವೊಬ್ಬರೇ. ಯಾವ ಬಾವಿಯ ನೀರು, ಗದ್ದೆಗೆ ಇಳಿದಿದ್ದರಾ, ಮನೆಯಲ್ಲಿ ದನ ಉಂಟಾ, ನೀರು ಹರಿಯುವ ತೋಡು ಎಷ್ಟು ದೂರ. ಕುರ್ಚಿ ಕೊಟ್ಟರೂ ನೆಲದಲ್ಲಿ ಕೂತು, ನಮ್ಮ ಅಂಗಳದ ನಕ್ಷೆ ಬರೆದುಕೊಂಡಿರಿ. ಇಲಿಜ್ವರದಲ್ಲಿ ಹೋದ ಒಬ್ಬ ಮೀನುಗಾರನ ಬಗ್ಗೆ ಇಷ್ಟು ತಿಳಿಯಬೇಕೆಂದು ಯಾರಿಗಾದರೂ ಅನಿಸಬಹುದೆಂದು ನಾನು ಎಣಿಸಿರಲಿಲ್ಲ.

ಗಂಡನ ಹೆಸರು ನಾನು ಬಾಯಿಬಿಟ್ಟು ಹೇಳಿದವಳಲ್ಲ. ಅದು ನಿಮಗೆ ಗೊತ್ತಾಗಿ ಪೆನ್ನನ್ನೇ ನನ್ನ ಕೈಗೆ ಕೊಟ್ಟಿರಿ. ‘ದೇಜಪ್ಪ’ ಎಂದು ಬರೆದೆ. ಡೈರಿಯಲ್ಲೂ ಅವರು ನನಗೆ ಬರೀ ‘ಇವರು’. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಆ ಹೆಸರನ್ನು ನನ್ನ ಕೈಯಿಂದ ಬರೆದದ್ದು ಅದೇ ಮೊದಲು ಎಂದು ನೀವು ಹೋದ ಮೇಲೆ ಹೊಳೆಯಿತು.

ಹೊಸದಾಗಿ ನೆನಪಾದದ್ದು ಏನೂ ಇಲ್ಲ. ಮಳೆಗಾಲವಾದ್ದರಿಂದ ಬೋಟಿಗೆ ರಜೆ ಇತ್ತು, ಅವರು ಮನೆಯಲ್ಲೇ ಇದ್ದರು. ತಾರೀಕುಗಳೂ ಸರಿ. ಜ್ವರ ಶುರುವಾದದ್ದು ಜುಲೈ ಹದಿನೆಂಟು, ಆಸ್ಪತ್ರೆಗೆ ಹೋದದ್ದು ಇಪ್ಪತ್ತು, ತೀರಿಕೊಂಡದ್ದು ಇಪ್ಪತ್ನಾಲ್ಕು. ಇನ್ನೊಮ್ಮೆ ಕೇಳುವ ಅಗತ್ಯ ಇಲ್ಲ.

ಇಂತಿ,
ಸರಸ


ಉದ್ಯಾವರ
8 ಡಿಸೆಂಬರ್ 2024

ಪ್ರೀತಿಯ ಸರಸಕ್ಕ,

ಮೇಡಂ ಬೇಡ, ಉಮೈರಾ ಸಾಕು. ನಿಮ್ಮ ಕಾಗದವನ್ನು ಕಾರ್ಕಳದ ಬಸ್ಸಿನಲ್ಲಿ ಮೂರು ಸಲ ಓದಿದೆ. ವಾರದಲ್ಲಿ ಐದು ದಿನ ಕಾರ್ಕಳದಲ್ಲಿ ಆರೋಗ್ಯ ಇಲಾಖೆಯ ಕೆಲಸ, ಶನಿವಾರ ಭಾನುವಾರ ಮಣಿಪಾಲದಲ್ಲಿ ಪಾಠ. ಹಾಗಾಗಿ ನನ್ನ ಓದೆಲ್ಲ ಬಸ್ಸಿನಲ್ಲೇ.

ಎಂತ ಕಲಿಯುವುದು ಎಂದು ಅಂದು ಕೇಳಿದ್ದಿರಿ, ನಾನು ಸರಿಯಾಗಿ ಹೇಳಲಿಲ್ಲ. ಇದು ಸಾರ್ವಜನಿಕ ಆರೋಗ್ಯದಲ್ಲಿ ಡಾಕ್ಟರೇಟ್. ಕೆಲಸದಲ್ಲಿರುವವರು ತಮ್ಮ ಕೆಲಸದೊಳಗಿನ ಒಂದು ಸಮಸ್ಯೆಯನ್ನೇ ಹಿಡಿದುಕೊಂಡು ಮಾಡುವಂಥದ್ದು. ನನ್ನ ವಿಭಾಗ ಎಪಿಡೆಮಿಯಾಲಜಿ. ಆಸ್ಪತ್ರೆಯ ವೈದ್ಯರು ಜ್ವರ ಬಂದವರನ್ನು ನೋಡುತ್ತಾರೆ. ನಾವು, ಆ ಜ್ವರ ಯಾರಿಗೆ ಬಂತು, ಎಲ್ಲಿ, ಯಾವಾಗ, ಪಕ್ಕದ ಮನೆಗೆ ಯಾಕೆ ಬರಲಿಲ್ಲ ಎಂದು ನೋಡುತ್ತೇವೆ. ನನ್ನ ಉಮ್ಮ ರಾಬಿಯಾಗೆ ಇದು ಒಪ್ಪಿಗೆಯಿಲ್ಲ. “ನಲವತ್ತು ಆಗ್ತಾ ಬಂತು, ಇನ್ನೂ ಪರೀಕ್ಷೆಗೆ ಓದುವುದು! ಡಾಕ್ಟರ್ ಆಗ್ತಾಳಂತೆ. ನನ್ನ ಮಂಡಿ ನೋವಿಗೆ ಒಂದು ಮಾತ್ರೆ ಬರೆದು ಕೊಡ್ಲಿಕ್ಕೆ ಆಗ್ತದಾ ಕೇಳಿ” ಎಂದು ಬಂದವರೊಡನೆಲ್ಲ ಹೇಳುತ್ತಾರೆ. ಆಗುವುದಿಲ್ಲ, ಸರಸಕ್ಕ.

ಕಾಪುವಿನಿಂದ ಕಾರ್ಕಳದವರೆಗೆ ಇಲಿಜ್ವರ ಬಂದ ಐವತ್ತೆಂಟು ಮನೆಗಳಿಗೆ ಹೋಗಿ ಬಂದೆ. ಮೊದಲ ಎರಡು ಮೂರು ದಿನದಲ್ಲಿ ಚಿಕಿತ್ಸೆ ಸಿಕ್ಕಿದವರೆಲ್ಲ ಬದುಕಿದ್ದಾರೆ. ತಡವಾದವರಲ್ಲಿ ಕೆಲವರು ಹೋದರು. ನನ್ನ ಪಟ್ಟಿಯಲ್ಲಿ ಮೂವತ್ತೇಳನೆಯದಾದ ನಿಮ್ಮ ಮನೆ ಮಾತ್ರ ಈ ಲೆಕ್ಕಕ್ಕೆ ಕೂಡುವುದಿಲ್ಲ. ಗದ್ದೆಗೆ ಇಳಿಯಲಿಲ್ಲ, ದನ ಇಲ್ಲ, ಎರಡೇ ದಿನದಲ್ಲಿ ಆಸ್ಪತ್ರೆಗೆ ಬಂದರು. ಆದರೂ ಉಳಿಯಲಿಲ್ಲ.

ಒಂದು ವಿಷಯ ನಿಮಗೆ ತಿಳಿದಿರಬೇಕು. ಇಂಥ ಸಾವುಗಳ ಬಗ್ಗೆ ಏಪ್ರಿಲಿನಲ್ಲಿ ಒಂದು ಪರಿಶೀಲನಾ ಸಭೆ ಉಂಟು. ಎರಡನೆಯ ದಿನವೇ ಬಂದ ರೋಗಿಯನ್ನು ಯಾಕೆ ಉಳಿಸಲಾಗಲಿಲ್ಲ ಎಂದು ಅಂದು ದಾಖಲು ಮಾಡಿಕೊಂಡ ಡಾಕ್ಟರ್ ಶಾರ್ಲೆಟ್ ಉತ್ತರ ಕೊಡಬೇಕು. ಆಗ ಅವಳು ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತಷ್ಟೆ.

ನಿಮ್ಮ,
ಉಮೈರಾ


2 ಜನವರಿ 2025
(ಹೊಸ ಡೈರಿಯಲ್ಲಿ ಬರೆದದ್ದು. ಕಳಿಸಲಿಲ್ಲ.)

ಉಮೈರಾ,

ನಾನು ಸುಳ್ಳು ಹೇಳಿದ್ದೇನೆ. ಜ್ವರ ಶುರುವಾದದ್ದು ಹದಿನೆಂಟಕ್ಕೆ ಅಲ್ಲ, ಹದಿನಾಲ್ಕಕ್ಕೆ. ಆರು ದಿನ ನಾನು ಅವರನ್ನು ಮನೆಯಲ್ಲೇ ಇಟ್ಟುಕೊಂಡೆ.

ಆಸ್ಪತ್ರೆಯಲ್ಲಿ ಆ ಹುಡುಗಿ ಡಾಕ್ಟರ್ “ಎಷ್ಟು ದಿನ ಆಯಿತಮ್ಮ?” ಎಂದು ಕೇಳಿದಾಗ “ಎರಡು” ಎಂಬ ಮಾತು ತಾನಾಗಿ ಬಂತು. ಇವರು ಮಂಚದ ಮೇಲಿನಿಂದ ನನ್ನ ಮುಖ ನೋಡಿದರು. ಏನೂ ಹೇಳಲಿಲ್ಲ. ಆಮೇಲೆ ನೆಂಟರಿಗೂ ಎರಡು, ಮಗ ಲಕ್ಷಿತನಿಗೂ ಎರಡು. ಅವನು ಆಗ ಬನ್ನಂಜೆಯ ಗ್ಯಾರೇಜಿನಲ್ಲಿದ್ದ, ವಾರಕ್ಕೊಮ್ಮೆ ಬರುವುದು, ಆ ವಾರ ಬಂದಿರಲಿಲ್ಲ.

ಎರಡು ದಿನದಲ್ಲಿ ಹೋದರು ಎಂದರೆ ಅದು ವಿಧಿ. ಆರು ದಿನ ಎಂದರೆ ಅದು ನಾನು.

ಲಕ್ಷಿತನಿಗೆ ಇದು ಗೊತ್ತಾದರೆ ನನ್ನ ಕೈಯಿಂದ ನೀರು ಕುಡಿದಾನೇ?


ಉದ್ಯಾವರ
16 ಮಾರ್ಚ್ 2025

ಪ್ರೀತಿಯ ಸರಸಕ್ಕ,

ಗುರುವಾರ ನಿಮ್ಮ ಮನೆಗೆ ಬಂದಾಗ ನನಗೆ ಉಪವಾಸ ಎಂದು ನೀವಾಗಿಯೇ ತಿಳಿದುಕೊಂಡಿರಿ. ಮಾತಿಲ್ಲದೆ ಎಳನೀರಿನ ಬೊಂಡ ಕೆತ್ತಿ, ಬಾಯಿ ತೂತು ಮಾಡದೆ ನನ್ನ ಚೀಲದಲ್ಲಿಟ್ಟಿರಿ. ಉಡುಪಿಗೆ ಹೋಗುವ ಕೆಲಸ ಇತ್ತು. ಆದಿ ಉಡುಪಿಯಲ್ಲಿ ಮಸೀದಿಯ ಸಂಜೆಯ ಬಾಂಗ್ ಕೇಳಿತು. ಹಣ್ಣಿನ ಅಂಗಡಿಯವನಿಂದ ಕತ್ತಿ ಕೇಳಿ ಅದನ್ನೇ ಕುಡಿದು ಉಪವಾಸ ಬಿಟ್ಟೆ. ಆ ದಿನ ಬೇರೆ ಏನೂ ಬೇಕೆನಿಸಲಿಲ್ಲ.

ಸಭೆ ಏಪ್ರಿಲ್ ಒಂಬತ್ತಕ್ಕೆ. ನಾನು ಅಲ್ಲಿ ನನ್ನ ಫಾರ್ಮಿನಲ್ಲಿ ಇರುವುದನ್ನು ಮಾತ್ರ ಓದಬಹುದು. ಡಾಕ್ಟರ್ ಶಾರ್ಲೆಟ್ ಮಣಿಪಾಲದಲ್ಲಿ ಸಿಕ್ಕಿದಳು. ಕೆಲಸ ಬಿಟ್ಟುಬಿಡುತ್ತೇನೆ ಎನ್ನುತ್ತಾಳೆ. “ನನ್ನ ಕೈಯಲ್ಲೇ ಹೋದರು ಅಲ್ವಾ” ಎಂದು ನಾಲ್ಕು ಸಲ ಕೇಳಿದಳು.

ಅಂದು ನೀವು “ನಿಮಗೆ ಈ ಹಠ ಎಲ್ಲಿಂದ ಬಂತು?” ಎಂದಿರಿ. ನಾನು ನಕ್ಕು ಮಾತು ಬದಲಿಸಿದೆ. ನನ್ನ ಬಾಪ ಜಮಾಲುದ್ದೀನ್ ಉದ್ಯಾವರದಲ್ಲಿ ಅಂಗಡಿ ಇಟ್ಟಿದ್ದರು. ಕೊರೊನಾದ ಎರಡನೆಯ ವರ್ಷ ಹೋದರು. ಅವರಿಗೆ ಜ್ವರ ಯಾವಾಗ ಬಂತೆಂದು ನಮ್ಮನ್ನು ಯಾರೂ ಕೇಳಲಿಲ್ಲ. ಯಾರೋ ಅಂದಾಜಿಗೆ ಒಂದು ತಾರೀಕು ಬರೆದರು. ಆ ತಾರೀಕಿನ ದಿನ ಬಾಪ ಅಂಗಡಿಯಲ್ಲಿ ಕೂತು ನನಗೆ ಬೆಲ್ಲ ತೂಗಿ ಕೊಟ್ಟಿದ್ದರು. ಆ ಕಾಗದ ಇಂದಿಗೂ ಹಾಗೇ ಉಂಟು. ಕೇಳಿದ್ದರೆ ಸರಿಯಾಗಿ ಹೇಳುತ್ತಿದ್ದೆವು. ಅದಕ್ಕೇ ನಾನು ಮನೆ ಮನೆಗೆ ಹೋಗಿ ಕೇಳುವುದು.

ನಿಮ್ಮ,
ಉಮೈರಾ


ಕಾಪು
24 ಮಾರ್ಚ್ 2025

ಉಮೈರಾ,

ಇದರೊಂದಿಗೆ ಹೋದ ವರ್ಷದ ಡೈರಿಯಿಂದ ಜುಲೈ ತಿಂಗಳ ಹಾಳೆಗಳನ್ನು ಕಿತ್ತು ಇಟ್ಟಿದ್ದೇನೆ. ನಾನು ಎಂದೂ ಡೈರಿಯ ಹಾಳೆ ಕಿತ್ತವಳಲ್ಲ. ಹದಿನಾಲ್ಕನೆಯ ತಾರೀಕು ನೋಡಿ. ‘ಇವರಿಗೆ ಜ್ವರ, ಮೈ ಕೈ ನೋವು, ಗಂಜಿ ಬೇಡವೆಂದರು.’ ನಾನು ನಿಮಗೆ ಹೇಳಿದ್ದು ಸುಳ್ಳು. ನೀವು ಕೇಳಿದಿರಿ, ನಾನು ಸರಿಯಾಗಿ ಹೇಳಲಿಲ್ಲ.

ಮಳೆಗಾಲದ ಜ್ವರವೆಂದು ಮೂರು ದಿನ ಕಷಾಯ ಕೊಟ್ಟೆ. ಹದಿನೇಳರ ಬೆಳಿಗ್ಗೆ ಕಣ್ಣು ಹಳದಿಯಾಗಿತ್ತು. ಕಾಮಾಲೆ ಎಂದುಕೊಂಡೆ. ಕಾರ್ಕಳದ ಹತ್ತಿರ ಅಪೊಲೋನಿಯಾ ಬಾಯಿ ಎಂಬವರು ಕಾಮಾಲೆಗೆ ಮದ್ದು ಕೊಡುತ್ತಾರೆ. ಅವರನ್ನು ತಪ್ಪು ತಿಳಿಯಬೇಡಿ. ನನಗೆ ಹನ್ನೆರಡು ವರ್ಷವಾಗಿದ್ದಾಗ ಅವರ ತಾಯಿಯ ಮದ್ದಿನಿಂದಲೇ ನಾನು ಬದುಕಿದ್ದು. ಆ ನಂಬಿಕೆಯಲ್ಲಿ ಇವರನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ನನ್ನ ಹೆಗಲಿಗೆ ತಲೆ ಇಟ್ಟುಕೊಂಡಿದ್ದರು. ಜನರ ಎದುರಿಗೆ ನನ್ನ ಪಕ್ಕದಲ್ಲಿ ಕೂರಲಿಕ್ಕೂ ನಾಚುವವರು. ಅಷ್ಟು ಸುಸ್ತಾಗಿದೆ ಎಂದು ನನಗೆ ಆಗಲಾದರೂ ತಿಳಿಯಬೇಕಿತ್ತು. ನಾನು ಹೆಡ್ಡಿ, ಒಳಗೊಳಗೇ ಸಂತೋಷಪಟ್ಟೆ.

ಮೂರು ಬೆಳಿಗ್ಗೆ ಮದ್ದು, ಪಥ್ಯ. ಮೂರನೆಯ ಬೆಳಿಗ್ಗೆ ಮೂತ್ರ ನಿಂತಿತು. ಆಗ ಆಸ್ಪತ್ರೆಗೆ ಓಡಿದೆ. ಆ ಹುಡುಗಿ ಡಾಕ್ಟರ್ ಅವರ ಕಾಲಬುಡ ಬಿಟ್ಟು ಕದಲಲಿಲ್ಲ. ಅವಳ ತಪ್ಪು ಇಲ್ಲ. ಇದನ್ನು ಸಭೆಯಲ್ಲಿ ಓದಿ ಹೇಳಿ, ನನ್ನ ಹೆಸರು ಹೇಳಿಯೇ ಓದಿ.

ನಿನ್ನೆ ಲಕ್ಷಿತನಿಗೆ ಹೇಳಿದೆ. ಊಟ ಮಾಡುತ್ತಿದ್ದ. ಕೈ ನಿಂತಿತು. “ಅಪ್ಪನಿಗೆ ಗೊತ್ತಿತ್ತಲ್ಲ ಅಮ್ಮ, ಅವರೂ ಡಾಕ್ಟರಿಗೆ ಹೇಳಲಿಲ್ಲ” ಎಂದ. ತಟ್ಟೆಯಲ್ಲಿದ್ದ ಅನ್ನ ಮುಗಿಸಿ ಎದ್ದ. ಆಮೇಲೆ ಮಾತಾಡಿಲ್ಲ.

ಒಂದೇ ಒಂದು ಕೇಳುತ್ತೇನೆ. ಮೊದಲ ದಿನವೇ ಕರೆದುಕೊಂಡು ಹೋಗಿದ್ದರೆ ಅವರು ಉಳಿಯುತ್ತಿದ್ದರಾ? ಸಮಾಧಾನಕ್ಕೆ ಏನಾದರೂ ಬರೆಯಬೇಡಿ.

ಸರಸ


ಮಣಿಪಾಲ
13 ಏಪ್ರಿಲ್ 2025

ಪ್ರೀತಿಯ ಸರಸಕ್ಕ,

ನೀವು ಕೇಳಿದ್ದಕ್ಕೆ ಮೊದಲು ಉತ್ತರ. ಉಳಿಯುವ ಸಾಧ್ಯತೆ ಹೆಚ್ಚಿತ್ತು. ಇದಕ್ಕಿಂತ ಮೆತ್ತಗೆ ಹೇಳಲಿಕ್ಕೆ ನನಗೆ ಬರುವುದಿಲ್ಲ, ನಿಮಗೆ ಸುಳ್ಳು ಹೇಳಲೂ ಆರೆ. ಆದರೆ ಇಲಿಜ್ವರದಲ್ಲೂ ಕಣ್ಣು ಹಳದಿಯಾಗುತ್ತದೆ ಎಂದು ನಿಮಗೆ ಯಾರು ಹೇಳಿದ್ದರು? ಹೇಳಬೇಕಾದ ಇಲಾಖೆಯಲ್ಲಿ ಸಂಬಳ ತೆಗೆದುಕೊಳ್ಳುವವಳು ನಾನು. ಆ ಆರು ದಿನಗಳನ್ನು ಲೆಕ್ಕ ಹಾಕುವಾಗ ನನ್ನನ್ನೂ ಸೇರಿಸಿಕೊಳ್ಳಿ.

ಸಭೆಯಲ್ಲಿ ತಾರೀಕು ತಿದ್ದಿಸಿದೆ. ಶಾರ್ಲೆಟ್ ಹೊರಗೆ ಬಂದು ನನ್ನ ಕೈ ಹಿಡಿದುಕೊಂಡು ಅತ್ತಳು. ಕೆಲಸ ಬಿಡುವುದಿಲ್ಲವಂತೆ.

ಇನ್ನು ನೀವು ಗಮನಿಸದೆ ಕಳಿಸಿದ ಒಂದು ವಿಷಯ. ನಾನು ಹದಿನಾಲ್ಕನೆಯ ತಾರೀಕು ನೋಡಿದ ಮೇಲೆ ಹಿಂದಿನ ಹಾಳೆಗಳನ್ನೂ ಓದಿದೆ. ಜುಲೈ ಐದರಂದು ನೀವು ಬರೆದದ್ದು ಹೀಗೆ: ‘ಇವರು ಇಡೀ ದಿನ ಶೆಡ್ಡಿನಲ್ಲಿ ಬಲೆ ಕಟ್ಟಿದರು. ಮೇ ತಿಂಗಳಿನಿಂದ ರಾಶಿ ಬಿದ್ದ ಬಲೆ, ಒಳಗೆ ಇಲಿ ಮರಿ ಹಾಕಿತ್ತು. ಕಾಲಿನ ಹೆಬ್ಬೆರಳನ್ನು ನೂಲು ಕೊಯ್ದಿದೆ. ಅರಸಿನ ಹಚ್ಚಿದೆ.’

ಸರಸಕ್ಕ, ನಾನು ಕೂತಲ್ಲಿಂದ ಎದ್ದು ನಿಂತೆ. ಫಾರ್ಮಿನಲ್ಲಿ ‘ಕೆಲಸ’ ಎಂಬ ಜಾಗದಲ್ಲಿ, ‘ಬೋಟಿಗೆ ರಜೆ, ಮನೆಯಲ್ಲಿದ್ದರು’ ಎಂದು ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದವಳು ನಾನು. ರಜೆಯ ಎರಡು ತಿಂಗಳು ಗಂಡಸರು ಬಲೆ ರಿಪೇರಿ ಮಾಡುತ್ತಾರೆ, ಹೆಬ್ಬೆರಳಿಗೆ ಬಲೆ ಸಿಕ್ಕಿಸಿ ಎಳೆದು ಹಿಡಿಯುತ್ತಾರೆ. ಇದನ್ನು ನೋಡುತ್ತಲೇ ಬೆಳೆದವಳು ನಾನು. ಆದರೂ ಕೇಳಬೇಕೆಂದು ಹೊಳೆಯಲಿಲ್ಲ! ಇಲಿ ಮೂತ್ರ ಬಿದ್ದ ಬಲೆ, ಸೀಳಿದ ಬೆರಳು. ಈ ಜ್ವರ ಬರಲಿಕ್ಕೆ ಅಷ್ಟೇ ಸಾಕು, ಗದ್ದೆಯೂ ಬೇಡ, ದನವೂ ಬೇಡ. ಪುನಃ ಹೋಗಿ ಹದಿನಾಲ್ಕು ಮೀನುಗಾರರ ಮನೆಗಳಲ್ಲಿ ಕೇಳಿದೆ. ಒಂಬತ್ತು ಮನೆಗಳಲ್ಲಿ ಇದೇ ಕಥೆ. ಎಲ್ಲರೂ ನನಗೆ ಮೊದಲು ‘ಮನೆಯಲ್ಲಿದ್ದರು’ ಎಂದೇ ಹೇಳಿದ್ದರು. ನನ್ನ ಪ್ರಬಂಧದ ನಾಲ್ಕನೆಯ ಅಧ್ಯಾಯವನ್ನು ಹರಿದು ಹೊಸದಾಗಿ ಬರೆಯುತ್ತಿದ್ದೇನೆ. ಗೈಡ್ ಬೈದರು, ಆಮೇಲೆ ಓದಿ ಒಪ್ಪಿದರು.

ಅಪೊಲೋನಿಯಾ ಬಾಯಿಯವರಲ್ಲಿಗೂ ಹೋಗಿದ್ದೆ. ಬಾಗಿಲಲ್ಲೇ ನಿಲ್ಲಿಸಿ, “ಎಂತ, ನನ್ನ ಮೇಲೆ ಕಂಪ್ಲೇಂಟ್ ಉಂಟಾ?” ಎಂದರು.

“ಇಲ್ಲ ಬಾಯಿ, ಒಂದು ಸಹಾಯ ಬೇಕು. ಜ್ವರವೂ ಇದ್ದು ಕಣ್ಣೂ ಹಳದಿ ಆದವರು ಬಂದರೆ, ಮೊದಲು ರಕ್ತ ಪರೀಕ್ಷೆಯ ಚೀಟಿ ತನ್ನಿ ಎಂದು ಹೇಳಿ.”

“ಚೀಟಿ ತರ್ಲಿಕ್ಕೆ ಹೋದವ ಪುನಃ ಇಲ್ಲಿಗೆ ಯಾಕೆ ಬರ್ತಾನೆ ಮಾರಾಯ್ತಿ?” ಎಂದು ನಕ್ಕರು. ನಾನು ದೇಜಪ್ಪಣ್ಣನ ಹೆಸರು ಹೇಳಿದೆ. ಅವರಿಗೆ ನೆನಪಿತ್ತು. “ಹೆಂಡತಿಯ ಹೆಗಲಿಗೆ ಒರಗಿ ಬಂದವರು” ಎಂದರು. ಶಿಲುಬೆಯ ಗುರುತು ಮಾಡಿಕೊಂಡರು. ಹೋದ ವಾರ ಇಬ್ಬರನ್ನು ಅವರೇ ಆಸ್ಪತ್ರೆಗೆ ಕಳಿಸಿದ್ದಾರೆ.

ನಿಮ್ಮ ಹಾಳೆಗಳನ್ನು ಜೋಪಾನವಾಗಿ ಹಿಂದೆ ಕಳಿಸುತ್ತಿದ್ದೇನೆ. ಅಂಟಿಸಿಕೊಳ್ಳಿ.

ನಿಮ್ಮ,
ಉಮೈರಾ


ಕಾಪು
3 ಜೂನ್ 2025

ಉಮೈರಾ,

ನೀವು ಶೆಡ್ಡಿಗೆ ಬಂದು ಹೋದ ಮೇಲೆ ಇಲ್ಲಿ ನಿಮ್ಮದೇ ಮಾತು. ಈ ಸಲ ರಜೆ ಶುರುವಾಗುವ ಮೊದಲೇ ಬಲೆಯನ್ನು ಬ್ಲೀಚಿಂಗ್ ನೀರಿನಲ್ಲಿ ತೊಳೆದು, ಬಿಸಿಲಿರುವಾಗಲೇ ಒಣಗಿಸಿ, ಅಟ್ಟ ಕಟ್ಟಿ ಮೇಲೆ ಏರಿಸಿದ್ದಾರೆ. ಮಾಡುವವರೆಗೂ ಗೊಣಗಿದರು, ಆದರೆ ಮಾಡಿದರು.

ಎಲ್ಲರಿಗಿಂತ ಹಿರಿಯರಾದ ಅಣ್ಣು ಇದ್ದಾರಲ್ಲ, ನೀವು ಬೆರಳಿನ ಬದಲು ಗೂಟಕ್ಕೆ ಬಲೆ ಸಿಕ್ಕಿಸಬಹುದಾ ಎಂದು ಕೇಳಿದಾಗ, “ಗೂಟಕ್ಕೆ ಎಂತ ಗೊತ್ತುಂಟು ಮೇಡಂ? ಬಲೆ ಬಿಗಿಯಾ ಸಡಿಲಾ ಅಂತ ಹೇಳುವುದು ನಮ್ಮ ಹೆಬ್ಬೆರಳು” ಎಂದರು. ಬೇರೆ ಅಧಿಕಾರಿಗಳಾದರೆ ಭಾಷಣ ಮಾಡಿ ಹೋಗುತ್ತಿದ್ದರು. ನೀವು ಚಪ್ಪಲಿ ಬಿಟ್ಟು, ಅವರ ಎದುರು ಕಾಲು ಚಾಚಿ ಕೂತು, “ಹಾಗಾದರೆ ನನಗೆ ಕಲಿಸಿ” ಎಂದಿರಿ. ಗಂಟೆ ಕಳೆಯಿತು. ನೀವು ಹಾಕಿದ ಗಂಟು ನೋಡಿ ಅಣ್ಣು, “ಮಣಿಪಾಲದಲ್ಲಿ ಪಾಸಾದೀರಿ, ಇಲ್ಲಿ ಫೇಲ್” ಎಂದಾಗ ನೀವೇ ಎಲ್ಲರಿಗಿಂತ ಜೋರಾಗಿ ನಕ್ಕಿರಿ. ಆಮೇಲೆ ನಿಮ್ಮ ಬೆರಳಲ್ಲಿ ಬಿದ್ದ ಕೆಂಪು ಗೆರೆಯನ್ನು ಸುಮ್ಮನೆ ಅವರ ಮುಂದೆ ಹಿಡಿದಿರಿ. ಅಣ್ಣು ತಮ್ಮ ಹೆಬ್ಬೆರಳನ್ನು ಸವರಿಕೊಂಡರು.

ಈಗ ಅಪ್ಪನ ಬೋಟಿಗೇ ಸೇರಿರುವ ಲಕ್ಷಿತ್, ತಾನು ಮೊದಲಿದ್ದ ಗ್ಯಾರೇಜಿನಿಂದ ಹಳೆಯ ಟ್ಯೂಬು ತಂದು, ತುಂಡು ಮಾಡಿ, ಹೆಬ್ಬೆರಳಿಗೆ ಹಾಕುವ ಕವಚ ಮಾಡಿದ. ಬಲೆಯ ಬಿಗಿ ಅದರೊಳಗಿಂದಲೂ ಗೊತ್ತಾಗುತ್ತದಂತೆ. ಮೊದಲನೆಯದನ್ನು ಅಣ್ಣುವಿನ ಕಾಲಿಗೆ ಅವನೇ ಹಾಕಿದ. “ಮದುಮಗನಿಗೆ ಕಾಲುಂಗುರ” ಎಂದು ಎಲ್ಲರೂ ತಮಾಷೆ ಮಾಡಿದರು.

ಮಾರ್ಚ್ ತಿಂಗಳಿನಿಂದ ನನ್ನ ಮಗ ನನ್ನೊಡನೆ ಅಗತ್ಯವಿದ್ದಷ್ಟೇ ಮಾತಾಡುವುದು. ಮೊನ್ನೆ ಕವಚ ಕತ್ತರಿಸುತ್ತಾ, “ಅಮ್ಮ, ಅಪ್ಪನ ಬೆರಳು ಎಷ್ಟು ದಪ್ಪ ಇತ್ತು?” ಎಂದು ಕೇಳಿದ. ನಾನು ನನ್ನ ಎರಡು ಬೆರಳು ಸೇರಿಸಿ ತೋರಿಸಿದೆ. ಆ ಅಳತೆಗೆ ಒಂದನ್ನು ಕತ್ತರಿಸಿ ಕಿಟಕಿಯಲ್ಲಿಟ್ಟ. ಅದು ಯಾರಿಗೂ ಆಗುವುದಿಲ್ಲ, ದೊಡ್ಡದು. ಅಲ್ಲೇ ಇದೆ.

ನಾನು ಪುನಃ, ಸಣ್ಣ ದೋಣಿಯವರು ತರುವ ಮೀನು ಮಾರಲು ಪೇಟೆಗೆ ಹೋಗುತ್ತಿದ್ದೇನೆ. ಎಲ್ಲರ ಎದುರು ನಡೆಯುವ ನಿಮ್ಮ ಕೊನೆಯ ಪರೀಕ್ಷೆಗೆ ಬನ್ನಿ ಎಂದಿದ್ದೀರಿ. ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ.

ಇಂತಿ,
ಸರಸ


ಕಾಪು
14 ಜುಲೈ 2025

ಉಮೈರಾ,

ಶುಕ್ರವಾರ ಬೆಳಿಗ್ಗೆ ಲಕ್ಷಿತ್ ಏಳಲಿಲ್ಲ. ಹಣೆ ಮುಟ್ಟಿದೆ, ಸುಡುತ್ತಿತ್ತು. ಹಿಂದಿನ ವಾರ ಬಲೆಯನ್ನು ಅಟ್ಟದಿಂದ ಇಳಿಸುವಾಗ ಅವನ ಹಿಮ್ಮಡಿ ತರಚಿ ಗಾಯವಾಗಿತ್ತು. “ಬರೀ ಮಳೆ ಜ್ವರ ಅಮ್ಮ, ಕಷಾಯ ಮಾಡಿ ಕೊಡು, ಸಾಕು” ಎಂದ.

ಅದೇ ಮಾತು. ಅವನಪ್ಪ ಹೇಳಿದ್ದೂ ಅದೇ.

ಒಲೆಯ ಮೇಲೆ ನೀರು ಇಟ್ಟಿದ್ದೆ. ಇಳಿಸಿದೆ. ರಿಕ್ಷಾ ಕರೆದೆ. “ಎಂತ ಹುಚ್ಚು ನಿನಗೆ, ಜ್ವರ ಬಂದು ಎರಡು ಗಂಟೆ ಆಗಲಿಲ್ಲ” ಎಂದು ದಾರಿಯುದ್ದಕ್ಕೂ ಬೈದ. ಬೈಯಲಿ. ಬೈಯುವಷ್ಟು ತ್ರಾಣ ಇತ್ತಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರ್ ಶಾರ್ಲೆಟ್ ಇದ್ದರು. ತಲೆ ತಗ್ಗಿಸಿ ಬರೆಯುತ್ತಲೇ “ಜ್ವರ ಶುರುವಾಗಿ ಎಷ್ಟು ದಿನ ಆಯಿತಮ್ಮ?” ಎಂದರು. ಅದೇ ಪ್ರಶ್ನೆ, ಅದೇ ಸ್ವರ.

“ಇವತ್ತು ಬೆಳಿಗ್ಗೆ” ಎಂದೆ. ಗಾಯ ತೋರಿಸಿದೆ. ಬಲೆಯ ವಿಷಯವನ್ನು ಕೇಳದೆಯೇ ಹೇಳಿದೆ.

ಅವರು ತಲೆ ಎತ್ತಿದರು. ನನ್ನ ಗುರುತು ಹತ್ತಿತು. ಪೆನ್ನು ಕೆಳಗಿಟ್ಟು, ಎದ್ದು ಬಂದು, ಮೊದಲು ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು. ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಮದ್ದು ಶುರು ಮಾಡಿದರು. ಜ್ವರ ನಿನ್ನೆ ಬಿಟ್ಟಿತು. ಇವತ್ತು ಮಧ್ಯಾಹ್ನ ಮನೆಗೆ ಕರೆತಂದೆ. ಈಗ ಗಂಜಿ ಕುಡಿದು, ಉಪ್ಪು ಕಡಿಮೆ ಎಂದು ತಕರಾರು ಮಾಡುತ್ತಿದ್ದಾನೆ.

ಇವತ್ತು ಹದಿನಾಲ್ಕು. ಹೋದ ವರ್ಷ ಇದೇ ತಾರೀಕಿಗೆ ನಾನು ಏನು ಬರೆದಿದ್ದೆ ಎಂದು ನಿಮಗೆ ಗೊತ್ತುಂಟು.

ನಿಮ್ಮ ಪ್ರಬಂಧ ಮುಗಿದಿರಬಹುದು. ಎಲ್ಲಾದರೂ ಮೂಲೆಯಲ್ಲಿ ಜಾಗ ಉಳಿದಿದ್ದರೆ ಇದನ್ನೂ ಸೇರಿಸಿಕೊಳ್ಳಿ. ನಿಮ್ಮ ಫಾರ್ಮಿನ ಹಾಗೆಯೇ ಬರೆದಿದ್ದೇನೆ. ಡೈರಿ ನೋಡಿ ಬರೆದದ್ದು.

ಮನೆ: ಮೂವತ್ತೇಳು.
ಹೆಸರು: ಲಕ್ಷಿತ್. ತಂದೆಯ ಹೆಸರು: ದೇಜಪ್ಪ.
ಕೆಲಸ: ಬೋಟಿಗೆ ರಜೆ. ಬಲೆ ಕಟ್ಟುತ್ತಿದ್ದ.
ಜ್ವರ ಶುರುವಾದ ದಿನ: ಜುಲೈ 11.
ಆಸ್ಪತ್ರೆಗೆ ಕರೆದುಕೊಂಡು ಹೋದ ದಿನ: ಜುಲೈ 11.
ಮನೆಗೆ ಬಂದ ದಿನ: ಜುಲೈ 14.
ಹೇಳಿದವರು: ತಾಯಿ.

ಸರಸ